ಅಪ್ಪಣೆ ಬಾರದ ಹಸಿರು

4 ಜುಲೈ 1983, ಪರ್ಕಳ

ಮತ್ತೆ ಕರೆಂಟ್ ಇಲ್ಲ. ಟ್ಯೂಬ್‌ಲೈಟಿನ ಕೆಳಗೆ ಬೆಳೆಯಬೇಕಾದ ಪಾಚಿಯನ್ನು ಲ್ಯಾಬಿನ ಕಿಟಕಿಗೆ ಸಾಗಿಸಿದೆ. ಮಣಿಪಾಲದ ಮಳೆಗಾಲದಲ್ಲಿ ಕಿಟಕಿಯೂ ಕತ್ತಲೆಯೇ. ನನ್ನ ಗೈಡ್ ರೊಸಾರಿಯೊ ಸರ್ ಇಣುಕಿದರು. "ಎಂತ ಸರ್ವೋತ್ತಮ, ನಿನ್ನ ಪಾಚಿಗೆ ಇನ್ನೂ ಬಸಿರು ನಿಂತಿಲ್ಲವಾ?"

ನಿಂತಿದೆ ಸ್ವಾಮಿ. ಹಸಿರು ಕೆಟ್ಟ ತಳಿಯನ್ನು ತಾಯಿ ಮಾಡಿ, ಒಳ್ಳೆಯ ತಳಿಯೊಂದಿಗೆ ಕೂಡಿಸಿದ್ದೇನೆ. ಹಸಿರನ್ನು ಹೊತ್ತ ಕ್ಲೋರೋಪ್ಲಾಸ್ಟ್‌ಗೆ ತನ್ನದೇ ಜೀನ್ ಉಂಟು. ಅದು ತಾಯಿಯಿಂದ ಮಾತ್ರ ಬರುತ್ತದೆ. ದೋಷ ಅಲ್ಲಿದ್ದರೆ ಒಂದು ಕೂಟಕ್ಕೆ ಹುಟ್ಟುವ ನಾಲ್ಕು ಮರಿಗಳೂ ಕೆಡಬೇಕು. ನಮ್ಮವರಲ್ಲಿ ತಾಯಿಯಿಂದ ಬರುವ ಕುಲ, ಅಂದರೆ ಬಳಿ, ಅದರ ಹಾಗೆ — ನಾನು ಅಮ್ಮನ ಬಳಿ, ನನ್ನ ಮಕ್ಕಳು ಹೆಂಡತಿ ಕುಶಲಾಳ ಬಳಿ. ಅಪ್ಪಂದಿರು ಲೆಕ್ಕಕ್ಕಿಲ್ಲ.

ನಿನ್ನೆ ಕುಶಲಾಳನ್ನು ಕಾರ್ಕಳಕ್ಕೆ ಬಿಟ್ಟು ಬಂದೆ. ಚೊಚ್ಚಲ ಹೆರಿಗೆ, ತಾಯಿ ಮನೆಯಲ್ಲೇ ಆಗಬೇಕು. ಕೋಣೆ ಭಣಭಣ ಅನ್ನುತ್ತಿದೆ.

10 ಜುಲೈ, ಕಾಪು

ಅಮ್ಮನ ಕೈಯ ಒಣಮೀನು ಚಟ್ನಿ, ಗಂಜಿ. ಎರಡು ಸಲ ಬಡಿಸಿಕೊಂಡೆ. ಆಮೇಲೆ ಅಮ್ಮ ಹಳೆಯ ಮಾತು ಎತ್ತಿದಳು. ನನಗಿಂತ ಮೊದಲು ಎರಡು, ನನ್ನ ನಂತರ ಒಂದು. ಮೂರೂ ಕೆಂಪಗೆ ಹುಟ್ಟಿದವು. ತೊಟ್ಟಿಲಿಗೆ ಹಾಕುವ ಹೊತ್ತಿಗೆ ಅಳುವುದನ್ನು ಬಿಟ್ಟವು.

"ಮೊದಲು ಅಂಗಾಲು ಬಿಳಿಚುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಬಣ್ಣ ತಿರುಗಿ ಬರುವುದಿಲ್ಲ. ನನ್ನ ಅಮ್ಮನ ಮಕ್ಕಳೂ ಹಾಗೆಯೇ ಹೋದದ್ದು."

ಅದಕ್ಕೇ ಊರವರು ಹೇಳುವುದು, ಪೀಡೆ ನಮ್ಮ ಬಳಿಯದ್ದು, ಹೆಂಗಸರ ಮೂಲಕ ಇಳಿಯುತ್ತದೆ ಎಂದು. "ಶೀನನ ಮಗಳನ್ನು ತರುವಾಗ ನಾನು ಕೇಳಿದ್ದೆ ಅಲ್ವಾ ನಿನ್ನ ಹತ್ತಿರ?" ಕೇಳಿದ್ದಳು. ಕುಶಲಾ ಅಮ್ಮನ ಸ್ವಂತ ತಮ್ಮ ಶೀನ ಮಾವನ ಮಗಳು. ಆದರೆ ಬಳಿ ಅವಳ ತಾಯಿಯದ್ದು. ಸೋದರಮಾವನ ಮಗಳು ಅಂದರೆ ನಮ್ಮಲ್ಲಿ ಹಕ್ಕಿನ ಹೆಣ್ಣು. ಬಳಿ ಬೇರೆ, ಪೀಡೆ ಬರುವುದಿಲ್ಲ, ವಿಜ್ಞಾನವೂ ಅದನ್ನೇ ಹೇಳುತ್ತದೆ, ಬೇಕಾದರೆ ನನ್ನ ಪಾಚಿಯನ್ನು ಕೇಳು — ಅಂದಿದ್ದೆ. ಓದಿದ ಮಗ. ನಂಬಿದಳು.

21 ಜುಲೈ

ನಾಲ್ಕು ಮರಿಗಳನ್ನು ಬಿಡಿಸಿ ಒಂದೊಂದನ್ನೂ ಎರಡು ಬಗೆಯ ಪ್ಲೇಟಿಗೆ ಹಾಕಿದ್ದೆ. ಅಸಿಟೇಟ್ ಬೆರೆಸಿದ ಪ್ಲೇಟಿನಲ್ಲಿ, ಅಂದರೆ ಕುಳಿತಲ್ಲೇ ಊಟ ಸಿಗುವಲ್ಲಿ, ನಾಲ್ಕೂ ಚೆನ್ನಾಗಿವೆ. ಊಟವಿಲ್ಲದೆ ಬರೀ ಬೆಳಕಿನಲ್ಲಿ ಬದುಕಬೇಕಾದ ಪ್ಲೇಟಿನಲ್ಲಿ — ಎರಡು ಹಸಿರು. ಎರಡು ಬಿಳಿಚಿವೆ.

ಎರಡೇ ಯಾಕೆ? ಇನ್ನೊಂದು ಗುಂಪು ನೋಡಿದೆ. ಮತ್ತೊಂದು. ಎಲ್ಲದರಲ್ಲೂ ಅರ್ಧಕ್ಕರ್ಧ.

ಸರ್ ಕನ್ನಡಕ ಏರಿಸಿ ನೋಡಿದರು. "ಇದು ನ್ಯೂಕ್ಲಿಯಸ್ಸಿನ ಕೆಲಸ ಮಾರಾಯ, ಅಲ್ಲಿ ಅರ್ಧ ತಾಯಿಯದ್ದು, ಅರ್ಧ ತಂದೆಯದ್ದು. ನಿನ್ನ ತಾಯಿ ಲೆಕ್ಕ ಬದಿಗಿಡು. ತಿರುಗಿಸಿ ಮಾಡು, ಕೆಟ್ಟದ್ದನ್ನು ತಂದೆ ಮಾಡು."

ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಿಲ್ಲ.

6 ಆಗಸ್ಟ್

ಎರಡೂ ತಳಿಯ ಪ್ರೋಟೀನುಗಳನ್ನು ಹಿಡಿದ ಎಕ್ಸ್-ರೇ ಫಿಲ್ಮ್ ತೊಳೆದು ಬಂತು. ಪ್ರೋಟೀನುಗಳೆಲ್ಲ ಸಾಲಾಗಿ ಕಪ್ಪು ಗೆರೆಗಳು. ಕೆಟ್ಟ ತಳಿಯಲ್ಲಿ ಒಂದು ಗೆರೆ ಇಲ್ಲ. ಆ ಪ್ರೋಟೀನಿನ ಜೀನ್ ಕ್ಲೋರೋಪ್ಲಾಸ್ಟಿನ ಒಳಗೇ ಉಂಟು, ಏನೂ ಕೆಟ್ಟಿಲ್ಲ. ಅದರ ನಕಲು, ಆರ್‌ಎನ್‌ಎಯೂ ಉಂಟು. ಆದರೂ ಪ್ರೋಟೀನ್ ಆಗುತ್ತಿಲ್ಲ. ನ್ಯೂಕ್ಲಿಯಸ್ಸಿನಿಂದ ಅಪ್ಪಣೆ ಬಾರದೆ ಅದು ಶುರುವೇ ಮಾಡುವುದಿಲ್ಲ. ಅಕ್ಕಿ, ನೀರು, ಸೌದೆ ಎಲ್ಲ ಇಟ್ಟುಕೊಂಡು ಒಲೆಯ ಮುಂದೆ ಸುಮ್ಮನೆ ಕುಳಿತ ಮನೆ.

ಗೆರೆ ಇರಬೇಕಾದ ಜಾಗವನ್ನೇ ನೋಡುತ್ತಾ ಕುಳಿತೆ. ಅಲ್ಲಿಂದಲೂ ಏನೋ ನನ್ನನ್ನು ನೋಡುತ್ತಿದೆ ಅನ್ನಿಸಿತು. ಫಿಲ್ಮನ್ನು ಮಗುಚಿಟ್ಟೆ.

14 ಆಗಸ್ಟ್, ಬೆಳಿಗ್ಗೆ

ತಿರುಗಿಸಿ ಮಾಡಿದ್ದೂ ಬಂತು. ತಾಯಿ ಪೂರ್ತಿ ಹಸಿರು. ಕೆಟ್ಟದ್ದು ತಂದೆ. ಎರಡು ಹಸಿರು, ಎರಡು ಬಿಳಿ.

ತಂದೆಯಿಂದಲೂ ಬರುತ್ತದೆ.

ಮಧ್ಯಾಹ್ನ

ಉಣ್ಣಲಿಲ್ಲ. ಪಾಚಿಗೂ ಮನುಷ್ಯರಿಗೂ ಏನು ಸಂಬಂಧ? ಗೊತ್ತು. ಆದರೆ ಸಂಬಂಧ ಉಂಟು ಎಂದು ಮದುವೆಗೆ ಮುಂಚೆ ಹೇಳಿದವನು ನಾನೇ. ಪೀಡೆ ನ್ಯೂಕ್ಲಿಯಸ್ಸಿನದ್ದಾದರೆ ಅದಕ್ಕೆ ಬಳಿಯ ಹಂಗಿಲ್ಲ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ. ಅದೇ ಅಜ್ಜಿಯಿಂದ ಶೀನ ಮಾವನಿಗೆ, ಅವರಿಂದ ಕುಶಲಾಳಿಗೆ. ಒಂದೊಂದೇ ಹೊತ್ತವರು ನಮ್ಮ ಹಾಗೆ ಗಟ್ಟಿಯಾಗಿಯೇ ಇರುತ್ತಾರೆ. ಎರಡೂ ಒಂದೇ ಮಗುವಿನಲ್ಲಿ ಸೇರಿದರೆ...

ಸೇರದೆಯೂ ಇರಬಹುದು. ಸೇರದಿರುವುದೇ ಹೆಚ್ಚು. ಇದನ್ನು ಬೆಳಿಗ್ಗೆಯಿಂದ ಎಷ್ಟು ಸಲ ಹೇಳಿಕೊಂಡೆನೋ.

21 ಆಗಸ್ಟ್, ಕಾರ್ಕಳ

ಹೇಳಬೇಕು ಎಂದೇ ಬಸ್ಸು ಹತ್ತಿದೆ. ಕುಶಲಾ ಜಗಲಿಯಲ್ಲಿ ಕಾಲು ನೀಡಿ ಕುಳಿತಿದ್ದಳು. ಪುನರ್ಪುಳಿ ಶರಬತ್ತಿನಿಂದ ತುಟಿ ಕೆಂಪು.

"ಎಂತ ಬಾವ, ಮುಖ ಯಾಕೆ ಹಾಗೆ?" ಮದುವೆಯಾಗಿ ವರ್ಷವಾದರೂ ತಮಾಷೆಗೆ ಬಾವ ಎಂದೇ ಕರೆಯುವುದು.

"ಬಸ್ಸಿನಲ್ಲಿ ತಲೆ ತಿರುಗಿತು."

"ಬಸುರಿ ನಾನು, ತಲೆ ತಿರುಗುವುದು ನಿಮಗೆ!" ನನ್ನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟಳು. ಒದ್ದಿತು. ಗಟ್ಟಿ ಒದೆ. ಅವಳು ನಕ್ಕಳು.

ಹೊಟ್ಟೆಯೊಳಗೆ ಅವಳೇ ಊಟ ಕೊಡುತ್ತಿದ್ದಾಳೆ, ಅಸಿಟೇಟಿನ ಪ್ಲೇಟಿನ ಹಾಗೆ. ಅಲ್ಲಿ ಎಲ್ಲವೂ ಒದೆಯುತ್ತವೆ. ಹೇಳಲಿಲ್ಲ.

30 ಆಗಸ್ಟ್

ಹೆಣ್ಣು. ಕೆಂಪಗೆ, ದಾಸವಾಳದ ಹಾಗೆ. ಅತ್ತು ಮನೆ ಹಾರಿಸುತ್ತಿದೆ. ಶೀನ ಮಾವ ಬೀದಿಯಲ್ಲಿ ಹೋಗುವವರಿಗೂ ಸಕ್ಕರೆ ಹಂಚಿದರು. ಅದರ ಅಳು ಕೇಳಿ ನನಗೂ ಅಳು ಬಂತು. ಪಾಚಿ ಹಾಳಾಗಲಿ.

13 ಸೆಪ್ಟೆಂಬರ್, ಕಾರ್ಕಳ

ಇವತ್ತು ತೊಟ್ಟಿಲು. ಅಮ್ಮ ಕಾಪುವಿನಿಂದ ಬಂದಿದ್ದಾಳೆ. ಬಾಗಿಲಲ್ಲೇ ಕುಶಲಾ ಖುಷಿಯಿಂದ ಹೇಳಿದಳು, "ಅತ್ತೆ, ಎಷ್ಟು ಸಾಧು, ಪಾಪದ ಮಗು ಗೊತ್ತುಂಟಾ? ನಿನ್ನೆಯಿಂದ ಅಳುವುದೇ ಇಲ್ಲ."

ಅಮ್ಮ ಚೀಲ ಕೆಳಗಿಡದೆಯೇ ಒಳಗೆ ಬಂದು ಬಟ್ಟೆ ಸರಿಸಿ ಅಂಗಾಲು ಹಿಡಿದಳು. ಒತ್ತಿದಳು. ಆಮೇಲೆ ನನ್ನ ಮುಖ ನೋಡಿದಳು. ಕುಶಲಾಳದ್ದಲ್ಲ, ನನ್ನದು.

ಎಲ್ಲರೂ ಎಲೆ ಹಾಕಲು ಹೋಗಿದ್ದಾರೆ. ಮಗುವನ್ನು ಕಿಟಕಿಯ ಹತ್ತಿರ, ಬೆಳಕಿಗೆ ತಂದು ಮಲಗಿಸಿಕೊಂಡಿದ್ದೇನೆ. ಕಣ್ಣು ತೆರೆದಿದೆ. ನಾನೂ ಈಗ ಒತ್ತಿದೆ, ಮೆತ್ತಗೆ. ಬೆರಳು ತೆಗೆದೆ. ಬಿಳಿ ಮಚ್ಚೆ. ಬಣ್ಣ ಬರಲು ಸ್ವಲ್ಪ ಹೊತ್ತು ಬೇಕಾಗುತ್ತದೆ, ಯಾರಿಗಾದರೂ. ಬರೆಯುತ್ತಾ ಇದ್ದೇನೆ, ಅಷ್ಟರಲ್ಲಿ ಬರುತ್ತದೆ. ಕುಶಲಾ ಊಟಕ್ಕೆ ಕರೆಯುತ್ತಿದ್ದಾಳೆ. ಬಂದೆ ಅಂದೆ. ಇನ್ನೂ