ನೀವು ಕಚ್ಚಿದ ರೊಟ್ಟಿ

ಓಶ್ ನಗರ,
ಮಾರ್ಚ್ ೯

ಮಾನ್ಯ ಮಂತ್ರಿಗಳೇ,

ನಿಮ್ಮ ದೇಶ ನಮಗೆ ಕೊಡಲು ಒಪ್ಪಿಕೊಂಡ ಔಷಧಿಯ ನೆರವನ್ನು ಕೊಡಲೇಬೇಕೆಂದು ಹತ್ತೊಂಬತ್ತು ಸಂಘಗಳು ಸೇರಿ ಬರೆದ ಮನವಿ ಇದರ ಜೊತೆಗಿದೆ. ಅದನ್ನು ನಯವಾಗಿ ಬರೆದಿದ್ದಾರೆ. ನಾನು ಕೇಳುವುದು ರೊಟ್ಟಿಯ ವಿಷಯ.

ಎರಡು ವರ್ಷದ ಹಿಂದೆ ನೀವು ಕ್ಷಯರೋಗಿಗಳನ್ನು ನೋಡಲು ಬಂದವರು, ಅವರಲ್ಲೊಬ್ಬಳಾದ ಹೊಸಿಯತ್ ಅಕ್ಕನ ಮನೆಯಲ್ಲಿ ಚಹಾ ಕುಡಿದಿರಿ. ಔಷಧಿ ನಿಲ್ಲುವುದಿಲ್ಲ, ನಾನೇ ಮತ್ತೆ ಬರುತ್ತೇನೆ ಎಂದಿರಿ. ಹೊರಡುವಾಗ ಅಕ್ಕ ನಿಮ್ಮಿಂದ ರೊಟ್ಟಿಯೊಂದನ್ನು ಕಚ್ಚಿಸಿ, ಉಳಿದದ್ದನ್ನು ಗೋಡೆಗೆ ನೇತುಹಾಕಿದಳು. ಕಚ್ಚಿ ಹೋದವರು ತಿರುಗಿ ಬಂದು ಅದನ್ನು ಮುಗಿಸಬೇಕು, ಅದು ನಮ್ಮಲ್ಲಿನ ಪದ್ಧತಿ.

ನಾನು ಬೈದೆ. "ಅಲ್ಲಕ್ಕ, ಮಿಲಿಟರಿಗೆ ಹೋಗೋ ಮಗನಿಗೆ ಕಚ್ಚಿಸೋದನ್ನ ಮಂತ್ರಿಗೆ ಕಚ್ಚಿಸಿದೀಯಲ್ಲ, ಬುದ್ಧಿ ಇದೆಯಾ ನಿಂಗೆ?"

"ಕಚ್ಚಿದಾರಲ್ಲ, ಬರ್ತಾರೆ ಬಿಡು" ಅಂದಳು.

ಹೋದ ಅಕ್ಟೋಬರಿನಲ್ಲಿ ಮಾತ್ರೆ ಬರುವುದು ನಿಂತಿತು. ಈ ಜನವರಿಯಲ್ಲಿ ಅಕ್ಕ ತೀರಿಕೊಂಡಳು.

ಹೋದವರು ಸತ್ತರೆ ಮನೆಯವರು ರೊಟ್ಟಿ ಇಳಿಸಿ ಹಕ್ಕಿಗಳಿಗೆ ಹಾಕುತ್ತಾರೆ. ನೀವು ಚೆನ್ನಾಗಿದ್ದೀರಿ, ಟಿವಿಯಲ್ಲಿ ನೋಡಿದೆ. ಕಾದವರೇ ಸತ್ತರೆ ಏನು ಮಾಡಬೇಕೆಂದು ನಮ್ಮ ಹಿರಿಯರಿಗೂ ಗೊತ್ತಿಲ್ಲ.

ಅಕ್ಕನ ಮಗಳು ನಫೀಸಾ ಈಗ ಅದೇ ಕೋಣೆಯಲ್ಲಿ ಮಲಗುತ್ತಾಳೆ. ರೊಟ್ಟಿಯನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ಹೋದ ವಾರದಿಂದ ಅವಳಿಗೂ ಕೆಮ್ಮು. ಮಾತ್ರೆ ಎಲ್ಲಿ ಎಂದು ನನ್ನನ್ನು ಕೇಳುವುದೂ ಇಲ್ಲ. "ಅವರು ಬರ್ತಾರಂತೆ, ಅಮ್ಮ ಹೇಳಿದಾಳೆ" ಅನ್ನುತ್ತಾಳೆ.

ನೀವು ಬರುವುದಿಲ್ಲವಾದರೆ ದಯವಿಟ್ಟು ನೀವೇ ಅವಳಿಗೆ ಒಂದು ಸಾಲು ಬರೆಯಿರಿ. ನನ್ನಿಂದ ಹೇಳಲಾಗದು.

ಇತಿ,
ದಿಲೊರೊಮ್,
ಮನೆಮನೆಗೆ ಹೋಗಿ ಮಾತ್ರೆ ನುಂಗಿಸುತ್ತಿದ್ದವಳು