ಮಂಡಕ್ಕಿಯನ್ನು ವಾಪಸ್ ಬಿಡಬೇಡಿ

ದಾವಣಗೆರೆ,
ಫೆಬ್ರವರಿ ೩೦, ೨೧೯೮

ಪೂಜ್ಯ ಹಾಲಮ್ಮಜ್ಜಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ನಾವು ಮೂವತ್ತು ದಿನ ಕೊಟ್ಟು ಬಹಳ ಕಾಲವಾಯಿತು. ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಮೂವತ್ತೆರಡು ವರ್ಷದ ನಿಮ್ಮನ್ನು ಅಜ್ಜಿ ಎಂದದ್ದಕ್ಕೂ ಸಿಟ್ಟಾಗಬೇಡಿ. ನಾನು ಗಂಗಾಂಬಿಕೆ, ನಿಮ್ಮ ಮರಿಮಗಳ ಮರಿಮಗಳು.

ನೀವು ಪ್ರಾಣಿಗಳ ಆಶ್ರಯಕೇಂದ್ರ ಎನ್ನುವುದನ್ನು ನಾವು ಸಾಕುಮನೆ ಎನ್ನುತ್ತೇವೆ. ಹೋದ ವರ್ಷ ಅಲ್ಲಿಂದ ಸಜ್ಜೆ ಎಂಬ ಕಂದು ನಾಯಿಯನ್ನು ತಂದೆವು. ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವಂತೆ ಹೊಸ್ತಿಲಲ್ಲಿ ಆರತಿ ಎತ್ತಿ, ಚೆಂಡುಹೂವಿನ ಹಾರ ಹಾಕಿದೆವು. ಓಣಿಯವರೆಲ್ಲ ಸರದಿಯಲ್ಲಿ ತಲೆ ಸವರಿದರು. ಒಂಬತ್ತನೆಯವರಾಗಿ ಬಂದ ನನ್ನ ಮಾವನವರ ಕೈಯನ್ನು ಸಜ್ಜೆ ಕಚ್ಚಿದಳು. ಆಮೇಲೆ ಮಂಚದಡಿ ಸೇರಿ, ಊಟ ಇಡಲು ಹೋದವರ ಮೇಲೆ ಗುರ್ರೆಂದಳು, ಹಾಸಿಗೆ ಒದ್ದೆ ಮಾಡಿದಳು, ಬಾಗಿಲ ಚೌಕಟ್ಟು ಕಡಿದಳು. ನಾಯಿಯ ಮನಸ್ಸನ್ನು ಮಾತಾಗಿಸುವ ಕೊರಳುನುಡಿ ಎಂಬ ಕೊರಳಪಟ್ಟಿ ನಮ್ಮಲ್ಲಿದೆ. ಅದು ದಿನವಿಡೀ ಸಿಟ್ಟು, ಸಿಟ್ಟು ಎಂದೇ ಹೇಳುತ್ತಿತ್ತು. ನಾವು ಅದನ್ನು ನಂಬಿದೆವು, ಸಜ್ಜೆಯ ಮುಖವನ್ನು ಯಾರೂ ನೋಡಲಿಲ್ಲ. ನಾಯಿ ಬಾಲ ಯಾವತ್ತಿದ್ದರೂ ಡೊಂಕೇ ಎಂದು ನಮ್ಮ ಮನೆಯವರು ಅವಳನ್ನು ವಾಪಸ್ ಕಳಿಸಲು ತೀರ್ಮಾನಿಸಿದರು.

ಆ ವಾರವೇ ಹಳೆಯ ಪೆಟ್ಟಿಗೆಯಲ್ಲಿ ನಿಮ್ಮ ನೋಟುಬುಕ್ಕು ಸಿಕ್ಕಿತು. ನೀವೂ ನಿಮ್ಮ ಬಿಳಿ ನಾಯಿ ಮಂಡಕ್ಕಿಗೆ ಆರತಿ ಎತ್ತಿದ್ದಿರಿ, ಅದೂ ನಿಮ್ಮ ಅತ್ತೆಯ ಮುಂಗೈ ಕಚ್ಚಿತ್ತು! ಆರು ತಲೆಮಾರು ಕಳೆದರೂ ನಮಗೆ ಬುದ್ಧಿ ಬಂದಿಲ್ಲವಲ್ಲ ಎಂದು ನಗು ಬಂತು. ಮುಂದಿನ ಹಾಳೆಯ ಅರ್ಧ ಮಂಡಕ್ಕಿಯ ಹೊಟ್ಟೆ ಸೇರಿದೆ. ಉಳಿದರ್ಧದಲ್ಲಿ ನಿಮ್ಮ ಒಂದು ಸಾಲಿದೆ: "ಇದಕ್ಕೆ ಬೇಕಾಗಿದ್ದು ಆರತಿ ಅಲ್ಲ, ಒಂದು ಮೂಲೆ."

ನಾನು ಅಂದೇ ಕೊರಳುನುಡಿ ಬಿಚ್ಚಿಟ್ಟೆ. ಅಡುಗೆಮನೆಯ ಮೂಲೆಯಲ್ಲಿ ಗೋಣಿಚೀಲ ಹಾಸಿ, ಹಳೇ ಸೀರೆಯನ್ನು ಪರದೆಯಂತೆ ಇಳಿಬಿಟ್ಟೆ. ಊಟ ಇಟ್ಟು ಹಿಂದಿರುಗಿ ನೋಡದೆ ಬರುತ್ತಿದ್ದೆ. ಹೆಸರು ಹಿಡಿದು ಕರೆಯುವುದನ್ನೂ ಮನೆಮಂದಿ ನಿಲ್ಲಿಸಿದರು. ಹತ್ತೊಂಬತ್ತನೆಯ ದಿನ ನಾನು ಸೊಪ್ಪು ಬಿಡಿಸುತ್ತಿದ್ದಾಗ ಸಜ್ಜೆ ತಾನಾಗಿ ಬಂದು ನನ್ನ ಪಾದದ ಮೇಲೆ ಗದ್ದ ಇಟ್ಟಳು. ನಾನು ಅತ್ತುಬಿಟ್ಟೆ. ಈಗ ಓಣಿಯಲ್ಲಿ ಯಾವ ನಾಯಿ ಬಂದರೂ ಮೊದಲು ಮೂಲೆದಿನಗಳು, ಆರತಿ ಆಮೇಲೆ. ನಿಮ್ಮ ಋಣ ದೊಡ್ಡದು ಅಜ್ಜಿ.

ಆದರೂ ಒಂದು ಭಯವಿದೆ. ಹಿಂದಿನ ಕಾಲಕ್ಕೆ ಹೋಗುವ ಈ ಪತ್ರ ಮಂಡಕ್ಕಿ ಕಚ್ಚಿದ ದಿನವೇ ನಿಮ್ಮನ್ನು ಮುಟ್ಟುತ್ತದೆ, ಆಗಿನ್ನೂ ನೀವು ಆ ಸಾಲು ಬರೆದಿರುವುದಿಲ್ಲ. ನಿಮ್ಮ ನೋಟುಬುಕ್ಕಿನಲ್ಲಿರುವಂತೆ, ಅತ್ತೆಯ ಕೈಗೆ ಪಟ್ಟಿ ಕಟ್ಟಿ, ಮಂಡಕ್ಕಿಯನ್ನು ನಾಳೆ ಬೆಳಿಗ್ಗೆ ಬಿಟ್ಟುಬರಲು ಆಟೋ ಹೇಳಿರುತ್ತೀರಿ. ಅದು ಹೋದರೆ ಆ ಸಾಲೂ ಇಲ್ಲ, ನಮಗೆ ಸಜ್ಜೆಯೂ ಇಲ್ಲ. ದಯವಿಟ್ಟು ಆಟೋದವರಿಗೆ ಬರುವುದು ಬೇಡವೆಂದು ಈಗಲೇ ಫೋನ್ ಮಾಡಿ.

ಸಜ್ಜೆ ನನ್ನ ಪಾದದ ಮೇಲೆ ಮಲಗಿದ್ದಾಳೆ. ಕಾಲು ಜೋಮು ಹಿಡಿದಿದೆ. ಅಲ್ಲಾಡಿಸದೆ ಕೂತಿದ್ದೇನೆ.

ನಿಮ್ಮ,
ಗಂಗಾಂಬಿಕೆ