ಮೂರನೆಯ ಹೆಸರು

ಬುಧವಾರ, ೪ ಫೆಬ್ರವರಿ ೨೦೨೬

ಪ್ರೀತಿಯ ಅನ್ನಪೂರ್ಣಕ್ಕಾ,

ನಿನ್ನೆ ಸಂಜೆ ‘ಸರ್ವರ್ ಬಂದ್ ಮಾಡು’ ಎಂದು ಒಂದೇ ಮಾತು ಹೇಳಿ ಫೋನು ಇಟ್ಟುಬಿಟ್ಟೆ. ನೀನು ಗಾಬರಿಯಾಗಿರಬೇಕು. ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ನಾನಿರುವ ಊರಿನ ಡಬ್ಬಿಗೆ ಹಾಕುವುದಿಲ್ಲ, ನಾಳೆ ಗಜೇಂದ್ರಗಡದಲ್ಲಿ ಬಸ್ಸಿಳಿದು ಹಾಕುತ್ತೇನೆ. ಅಂಚೆಯ ಮುದ್ರೆಯಲ್ಲಿ ಈ ಊರಿನ ಹೆಸರು ಬೀಳಬಾರದು ಎಂಬ ರೂಢಿ ಇನ್ನೂ ಬಿಟ್ಟಿಲ್ಲ.

ನಿನ್ನೆ ಐದಕ್ಕೆ ಎಂದಿನಂತೆ ನಾನು, ಮಗಳು ಸಿಂಚನಾ ಇಲ್ಲಿ, ಅವ್ವ ರೋಣದಲ್ಲಿ ನಿನ್ನ ಮನೆಯಲ್ಲಿ, ಒಟ್ಟಿಗೇ ವಿಡಿಯೋ ನೋಡಲು ಕೂತಿದ್ದೆವು. ನಿನ್ನ ಝೆರಾಕ್ಸ್ ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ಕಂಟೇನರ್ ಮಾಡಿ, ದೂರದಿಂದಲೇ ಒಟ್ಟಿಗೆ ವಿಡಿಯೋ ನೋಡುವ ಆ ಸರ್ವರ್ ಕೂರಿಸಿದ ದಿನ ನಿನಗೆ ಎಷ್ಟು ಜಂಬ! “ಡಬ್ಬಿ ಇದ್ದಂಗ ತಿಳಿ. ಹೊರಗಿನವ್ರು ಯಾರೂ ಇಣುಕಂಗಿಲ್ಲ. ಎಲ್ಲಾರೂ ಒಂದ ಖೋಲ್ಯಾಗ ಕುಂತಂಗ, ಒಬ್ರು ನಿಲ್ಲಿಸಿದ್ರ ಎಲ್ಲಾರಿಗೂ ನಿಲ್ತೈತಿ” ಎಂದಿದ್ದೆ. ಅವ್ವನಿಗೆ ಮೊಮ್ಮಗಳ ಜೊತೆ ಕೂರಲು ಇದೊಂದೇ ದಾರಿಯಾಗಿತ್ತು. ಗಂಡನೆನಿಸಿಕೊಂಡ ಮಾಲತೇಶ ನನ್ನ ಕೈ ಮುರಿದ ಮೇಲೆ ಮಗಳನ್ನು ಎತ್ತಿಕೊಂಡು ನಾನು ನರಗುಂದ ಬಿಟ್ಟು ಒಂದೂವರೆ ವರ್ಷ. “ಎಲ್ಲೇ ಬಚ್ಚಿಟ್ರೂ ಕೂಸಿನ್ನ ಎತ್ಗೊಂಡ ಹೋಗ್ತೀನಿ” ಎಂದು ಅವನು ನಿನ್ನ ಅಂಗಡಿಯ ಮುಂದೆ ನಿಂತು ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ನಿನ್ನೆ ಹಚ್ಚಿದ್ದು ಸಿಂಚನಾಳ ಶಾಲೆಯ ಆಟೋಟದ ವಿಡಿಯೋ. ಅವ್ವ ನೋಡಲೆಂದು ನಾನೇ ತೆಗೆದು ನಿನಗೆ ಕಳಿಸಿದ್ದು. ಬಾಯಲ್ಲಿ ಚಮಚ, ಅದರಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಅವಳು ಮುಂದೆ ಬರುತ್ತಿದ್ದಾಗ ವಿಡಿಯೋ ನಿಂತಿತು. ಅವ್ವನಿಗೆ ಫೋನು ಮಾಡಿದರೆ, “ನಾ ಮುಟ್ಟೇ ಇಲ್ಲವ್ವಾ, ಕೈಯಾಗ ಹಿಟ್ಟೈತಿ” ಎಂದಳು. ಮತ್ತೆ ಓಡಿಸಿದೆ. ಅದು ಹಿಂದೆ ಸರಿದು ಅಲ್ಲೇ ನಿಂತಿತು. ಮೂರನೆಯ ಸಲ ನಿಂತಾಗ ಮಗಳ ಹಿಂದೆ ಏನಿದೆ ಎಂದು ನೋಡಿದೆ. ಶಾಲೆಯ ಬೋರ್ಡು, ಅದರ ಮೇಲೆ ಊರು, ತಾಲೂಕು ಎಲ್ಲಾ. ನೋಡುವವರ ಪಟ್ಟಿಯಲ್ಲಿ ಅವ್ವನ ಹೆಸರು, ನನ್ನ ಹೆಸರು, ಕೆಳಗೆ ಮೂರನೆಯದು: ‘ಅತಿಥಿ’. ಪಕ್ಕದಲ್ಲಿ ಅಕ್ಷರ ಮೂಡಿದವು. “ಚಲೋ ಬೆಳದಾಳ.”

ಯಾರೆಂದು ನಿನಗೆ ಹೇಳಬೇಕಿಲ್ಲ. “ಅವ್ವಾ, ಯಾರು ನಿಲ್ಲಸಾಕತ್ತಾರ?” ಎಂದು ಸಿಂಚನಾ ಕೇಳಿದರೆ ಬಾಯಿಗೆ ಬಂದದ್ದು ಹೇಳಿ ಫೋನು ಆರಿಸಿದೆ. ಇವತ್ತು ಅವಳನ್ನು ಶಾಲೆಗೆ ಕಳಿಸಿಲ್ಲ. ಓಣಿಯಲ್ಲಿ ಬೈಕು ನಿಂತ ಸದ್ದಾದರೆ ಎದ್ದು ಹೋಗಿ ಬಾಗಿಲ ಚಿಲಕ ನೋಡುತ್ತೇನೆ. ಹೆದರಿಕೆ ಅಕ್ಕಾ.

ನಿನ್ನ ಮೇಲೆ ಸಿಟ್ಟೂ ಇದೆ. ಅಂಗಡಿಗೆ ಎರಡೆರಡು ಬೀಗ ಜಡಿಯುವವಳಿಗೆ ಇದಕ್ಕೊಂದು ಗಟ್ಟಿ ಪಾಸ್‌ವರ್ಡ್ ಹಾಕಲು ಏನಾಗಿತ್ತು? ಆ ಕಂಟೇನರನ್ನು ನಿಲ್ಲಿಸಿದರೆ ಸಾಲದು, ಪೂರ್ತಿ ತೆಗೆದು ಹಾಕು. ವಿಡಿಯೋಗಳು ಅದರ ಹೊರಗೆ ಬೇರೆ ಫೋಲ್ಡರಿನಲ್ಲಿ ಉಳಿಯುತ್ತವೆ ಎಂದು ನೀನೇ ಹೇಳಿದ್ದೆಯಲ್ಲ, ಅವನ್ನೂ ಅಳಿಸು. ಆಮೇಲೆ ಬೇಕಾದರೆ ಹೊಸದು ಮಾಡು, ಅವ್ವ ಸಿನಿಮಾನಾದರೂ ನೋಡಲಿ. ನಾವು ನಾಳೆ ಬೆಳಿಗ್ಗೆ ಈ ಊರು ಬಿಡುತ್ತೇವೆ. ಎಲ್ಲಿಗೆಂದು ಬರೆಯುವುದಿಲ್ಲ.

ನಿನ್ನ ತಂಗಿ,
ಮೇಘಾ

ತಾ.ಕ.: ಸಹಿ ಹಾಕಿ ಎದ್ದವಳು ಮತ್ತೆ ಬಂದು ಕೂತಿದ್ದೇನೆ. ಅಕ್ಕಾ, ನೀನು ಪಾಸ್‌ವರ್ಡ್ ಹಾಕಿದ್ದೆ, ಗಟ್ಟಿಯಾಗಿಯೇ ಹಾಕಿದ್ದೆ. ದೀಪಾವಳಿಯಲ್ಲಿ ಅವನು ಫೋನಿನಲ್ಲಿ ಅತ್ತು, “ದೂರಿಂದ ಕೂಸಿನ್ನ ನೋಡ್ತೀನಿ, ಅಷ್ಟ” ಎಂದಾಗ ಅದನ್ನು ಕೊಟ್ಟವಳು ನಾನು. ಆ ಮೂರನೆಯ ಹೆಸರು ಮೂರು ತಿಂಗಳಿಂದ ದಿನಾ ಐದಕ್ಕೆ ಬರುತ್ತಿತ್ತು. ಅವ್ವ ಕೇಳಿದಾಗ ನನ್ನ ಇನ್ನೊಂದು ಫೋನು ಎಂದಿದ್ದೆ. ಅದು ಬಂದರೆ ನನಗೆ ಖುಷಿಯಾಗುತ್ತಿತ್ತು. ಹೊಸ ಪಾಸ್‌ವರ್ಡ್ ಅವ್ವನಿಗೆ ಮಾತ್ರ ಕೊಡು. ನಾನು ಅತ್ತು ಕೇಳಿದರೂ ನನಗೆ ಕೊಡಬೇಡ.